ಡೀಸೆಲ್ ಕಾರಿನ ಹೊಗೆಕೊಳವೆಯ ಗದ್ದಲ: ಕುಂದು ಹುಡುಕುವ ಬಗೆ, ಸರಿಪಡಿಸುವ ಬಗೆ

ಮಳೆಗಾಲ ಮುಗಿಯುತ್ತ ಬಂದಿತೆಂದರೆ ನಮ್ಮ ಕಾಸರಗೋಡು ಸೀಮೆಯ ಗುಡ್ಡದ ದಾರಿಗಳಲ್ಲಿ ಒಂದು ಸದ್ದು ಹೆಚ್ಚುತ್ತದೆ. ಅಡಿಕೆಯ ಗೋಣಿ ಹೇರಿಕೊಂಡು ಏರು ಹತ್ತುವ ಡೀಸೆಲ್ ಕಾರುಗಳೂ ಜೀಪುಗಳೂ ಆಚೆ ಗುಡ್ಡಕ್ಕೆ ಕೇಳುವಂತೆ ‘ಬುರ್ರ್’ ಎಂದು ಕೂಗುತ್ತವೆ. ಗಾಡಿಯವರನ್ನು ಕೇಳಿದರೆ, “ಸೈಲೆನ್ಸರ್ ಹೋಗಿದೆ ಮಾಷ್ಟ್ರೇ, ಅಡಿಕೆ ಕೊಟ್ಟ ಮೇಲೆ ಹೊಸತು ಹಾಕಿಸಬೇಕು” ಎನ್ನುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದವನು. ಸದ್ದು ಹುಟ್ಟುವ ಜಾಗ ಒಂದು, ನಾವು ಹಣ ಸುರಿಯುವ ಜಾಗ ಇನ್ನೊಂದು ಆಗುವುದುಂಟೆಂದು ಕಳೆದ ವರ್ಷದ ಆಟಿ ತಿಂಗಳಲ್ಲಿ ಕಲಿತೆನು.

ನಮ್ಮದು ಎರಡನೆಯ ಕೈಯಿಂದ ಕೊಂಡ, ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್ ಕಾರು. ಬೆಳಿಗ್ಗೆ ಸ್ಟಾರ್ಟು ಮಾಡಿದೊಡನೆ ಮುಂದಿನಿಂದ ‘ಟಿಕ್ ಟಿಕ್’ ಎಂಬ ಸದ್ದು ಬರುತ್ತಿತ್ತು. ಶಾಲೆಯ ಹತ್ತಿರ ಮುಟ್ಟುವಷ್ಟರಲ್ಲಿ ತಾನಾಗಿ ನಿಲ್ಲುತ್ತಿತ್ತು. ನಿಂತ ಮೇಲೆ ಮರೆತೂ ಹೋಗುತ್ತಿತ್ತು. ಒಂದು ತಿಂಗಳು ಕಳೆದಾಗ ಸದ್ದು ನಿಲ್ಲದಾಯಿತು, ಏರಿನಲ್ಲಿ ಎಳೆತ ಕಡಿಮೆಯಾಯಿತು, ಹಿಂದಿನಿಂದ ಕಪ್ಪು ಹೊಗೆ ಬರತೊಡಗಿತು. ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದೆನು. ಅವರು ಅಡಿಗೆ ಬಗ್ಗಿ, ತುಕ್ಕು ಹಿಡಿದಿದ್ದ ಸೈಲೆನ್ಸರನ್ನು ನೋಡಿ, ಹೊಸತನ್ನು ಹಾಕಿಕೊಟ್ಟರು. ನಾಲ್ಕು ಸಾವಿರಕ್ಕೆ ಮಿಕ್ಕಿ ಖರ್ಚಾಯಿತು. ಸದ್ದು ಮಾತ್ರ ಹಾಗೆಯೇ ಉಳಿಯಿತು.

ಅದಾದ ವಾರದಲ್ಲಿ ತಾಯಿಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಹೊರಗೆ ಜಡಿಮಳೆ. ಕಿಟಕಿಗಳನ್ನು ಮುಚ್ಚಿದ್ದೆವು. ಎದುರಿನ ಗಾಜಿಗೆ ಮಬ್ಬು ಹಿಡಿಯುತ್ತದೆಂದು ಹೊರಗಿನ ಗಾಳಿಯ ಫ್ಯಾನನ್ನು ಜೋರಾಗಿ ಇಟ್ಟಿದ್ದೆನು. ಅರ್ಧ ದಾರಿಯಲ್ಲಿ ಅಮ್ಮ, “ತಲೆ ಸಿಡಿಯುತ್ತದೆ ಮಗಾ, ಒಕ್ಕಲು ಬರುವ ಹಾಗಾಗುತ್ತದೆ” ಎಂದರು. ತಿರುವುಗಳಿಂದ ಹಾಗಾಗಿರಬಹುದೆಂದುಕೊಂಡೆವು. ಮರಳಿ ಬರುವಾಗ ಮಳೆ ಬಿಟ್ಟಿತ್ತು, ಕಿಟಕಿ ತೆರೆದಿತ್ತು. ಅದೇ ತಿರುವುಗಳಲ್ಲಿ ಅಮ್ಮ ಸುಖವಾಗಿ ಕುಳಿತಿದ್ದರು. ಆಗ ನನಗೆ ಸಂಶಯ ಬಂತು. ಮನೆಗೆ ಬಂದು ಇಂಜಿನು ತಣಿದ ಮೇಲೆ ಬಾನೆಟ್ಟು ಎತ್ತಿ ಟಾರ್ಚು ಬಿಟ್ಟು ನೋಡಿದೆನು. ಇಂಜಿನಿನ ಹಿಂಬದಿಯಲ್ಲಿ, ಗಾಳಿ ಒಳಗೆ ಹೋಗುವ ಬಾಯಿಯ ಹತ್ತಿರದಲ್ಲೇ, ಅಂಗೈಯಗಲ ಮಸಿ ಮೆತ್ತಿತ್ತು. ಕೊನೆಯ ಸಿಲಿಂಡರಿನ ಹೊಗೆಬಾಯಿಯ ಸ್ಟಡ್ಡು ತುಂಡಾಗಿ, ಗ್ಯಾಸ್ಕೆಟ್ಟು ಸುಟ್ಟುಹೋಗಿತ್ತು. ಹೊಗೆ ಹಿಂದಕ್ಕೆ ಹೋಗುವ ಬದಲು ಫ್ಯಾನಿನ ದಾರಿಯಾಗಿ ಅಮ್ಮನ ಮುಖಕ್ಕೇ ಬರುತ್ತಿತ್ತು.

ಈ ಹೊಗೆ ಹಗುರವಾಗಿ ಎಣಿಸತಕ್ಕ ವಸ್ತುವಲ್ಲ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಕ್ಕಿ ಬಲವಾಗಿ ಹಿಡಿದುಕೊಳ್ಳುತ್ತದೆ. ಪೆಟ್ರೋಲಿನ ಹೊಗೆಗಿಂತ ಡೀಸೆಲ್ ಹೊಗೆಯಲ್ಲಿ ಇದು ಕಡಿಮೆಯೆಂಬುದು ನಿಜ. ಆದರೆ ಡೀಸೆಲಿನ ಮಸಿ ಬೇರೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಇಂಜಿನಿನ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ಹಿಂದಿನ ಕೊಳವೆ ತೂತಾದರೆ ನೆರೆಕರೆಯವರಿಗೆ ಉಪದ್ರ. ಮುಂದೆ ಸೋರಿದರೆ ಒಳಗೆ ಕುಳಿತವರಿಗೆ ಅಪಾಯ. ಆದುದರಿಂದ ಸೋರಿಕೆ ಎಲ್ಲಿದೆಯೆಂದು ತಿಳಿದ ಮೇಲೆಯೇ ಸಾಮಾನು ಕೊಳ್ಳತಕ್ಕದ್ದು.

ಸ್ಥಳ ತಿಳಿಯಲು ಸದ್ದು ಹುಟ್ಟುವ ಬಗೆ ಗೊತ್ತಿರಬೇಕು. ಡೀಸೆಲ್ ಇಂಜಿನಿನಲ್ಲಿ ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿಗೆ ಎಣ್ಣೆಯನ್ನು ಸಿಡಿಸಿ ಉರಿಸುತ್ತಾರೆ. ಉರಿದ ಹೊಗೆಗೆ ಕವಾಟ ತೆರೆದಾಗ ಒತ್ತಡವಿನ್ನೂ ಉಳಿದಿರುವುದರಿಂದ ಅದು ‘ಫಟ್’ ಎಂದು ಹೊರಬೀಳುತ್ತದೆ. ಪ್ರತಿಯೊಂದು ಸಿಲಿಂಡರು ಇಂಜಿನಿನ ಎರಡು ಸುತ್ತಿಗೆ ಒಂದು ಸಲ ಹೀಗೆ ಹೊಗೆಯುಗುಳುತ್ತದೆ. ಗಾಡಿ ನಿಂತಲ್ಲೇ ಇಂಜಿನು ನಿಮಿಷಕ್ಕೆ 800 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ. ಒಂದು ಸಿಲಿಂಡರಿನಿಂದ ನಿಮಿಷಕ್ಕೆ 400 ಸಲ, ಎಂದರೆ ಸೆಕೆಂಡಿಗೆ ಆರೇಳು ಸಲ ಹೊಗೆ ಬರುತ್ತದೆ. ನಾಲ್ಕೂ ಸೇರಿದರೆ ನಿಮಿಷಕ್ಕೆ 1600, ಸೆಕೆಂಡಿಗೆ ಸುಮಾರು 27. ಆರೇಳನ್ನು ನಮ್ಮ ಕಿವಿ ‘ಟಿಕ್ ಟಿಕ್’ ಎಂದು ಬಿಡಿಬಿಡಿಯಾಗಿ ಕೇಳಬಲ್ಲುದು. 27 ಒಂದಕ್ಕೊಂದು ಕೂಡಿಕೊಂಡು ‘ಬುರ್ರ್’ ಎಂದೇ ಕೇಳಿಸುತ್ತದೆ. ಇಡೀ ಪರೀಕ್ಷೆ ನಿಂತಿರುವುದು ಈ ಲೆಕ್ಕದ ಮೇಲೆ. ಬಿಡಿ ಸದ್ದಾದರೆ ನಾಲ್ಕು ಹೊಗೆಗಳು ಒಂದಾಗುವ ಮೊದಲೇ ಸೋರಿಕೆಯಿದೆ. ಕೂಡುಸದ್ದಾದರೆ ಒಂದಾದ ಮೇಲೆ, ಎಲ್ಲೋ ಹಿಂದೆ ಇದೆ.

ನಾಲ್ಕು ಬಾಯಿಗಳ ಹೊಗೆಯನ್ನು ಒಂದುಗೂಡಿಸುವ ಬೀಡುಕಬ್ಬಿಣದ ಕವಲುಕೊಳವೆಗೆ ಮ್ಯಾನಿಫೋಲ್ಡು ಎನ್ನುತ್ತಾರೆ. ಅದರ ಆಚೆಗೆ ಟರ್ಬೊ, ಇಂಜಿನಿನ ಅಲುಗಾಟವನ್ನು ತಾಳಿಕೊಳ್ಳುವ ಸುಕ್ಕುಸುಕ್ಕಾದ ಫ್ಲೆಕ್ಸಿಬಲ್ ಪೈಪು, ನಡುಕೊಳವೆ, ಕೊನೆಗೆ ಸೈಲೆನ್ಸರು. ಸೈಲೆನ್ಸರಿನೊಳಗೆ ಕೋಣೆಗಳೂ ತೂತುಕೊಳವೆಗಳೂ ಇದ್ದು, ಸದ್ದಿನ ಅಲೆಗಳು ಗೋಡೆಗೆ ಬಡಿದು ಹಿಂದಿರುಗಿ ಒಂದನ್ನೊಂದು ಅಡಗಿಸುತ್ತವೆ. ಮ್ಯಾನಿಫೋಲ್ಡಿನ ತುದಿಯ ಸ್ಟಡ್ಡುಗಳೇ ಮೊದಲು ಮುರಿಯುವುದೇಕೆಂದು ಮಕ್ಕಳಿಗೆ ಲೆಕ್ಕವಾಗಿಯೇ ಕೊಡಬಹುದು. 40 ಸೆಂಟಿಮೀಟರ್ ಉದ್ದದ ಬೀಡು 500 ಡಿಗ್ರಿಯಷ್ಟು ಕಾದರೆ ಸುಮಾರು 2 ಮಿಲ್ಲಿಮೀಟರ್ ಬೆಳೆಯುತ್ತದೆ. ತಣಿದರೆ ಮತ್ತೆ ಕುಗ್ಗುತ್ತದೆ. ಈ ಜಗ್ಗಾಟವೆಲ್ಲ ಬೀಳುವುದು ಎರಡು ತುದಿಗಳ ಮೇಲೆ. ಬೆಳಗಿನ ‘ಟಿಕ್ ಟಿಕ್’ ಸ್ವಲ್ಪ ಹೊತ್ತಿನಲ್ಲಿ ನಿಲ್ಲುವುದೂ ಇದರಿಂದಲೇ: ಕಾದ ಲೋಹ ಬೆಳೆದು ಸಂದನ್ನು ತಾನೇ ಮುಚ್ಚುತ್ತದೆ. ರೋಗ ವಾಸಿಯಾಯಿತೆಂದು ನಾನು ತಿಳಿದ ಆ ತಿಂಗಳೇ ಅತ್ಯಂತ ಕಡಿಮೆ ಖರ್ಚಿನಲ್ಲಿ ರಿಪೇರಿಯಾಗುವ ಕಾಲವಾಗಿತ್ತು.

ಪರೀಕ್ಷೆಯನ್ನು ಬೆಳಿಗ್ಗೆ, ಇಂಜಿನು ತಣ್ಣಗಿರುವಾಗ, ಬಯಲು ಅಂಗಳದಲ್ಲಿ ಮಾಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಖಂಡಿತ ಕೂಡದು. ಮೊದಲು ಸ್ಟಾರ್ಟು ಮಾಡದೆಯೇ ಕಣ್ಣಿನಿಂದ ನೋಡಿರಿ. ಸೋರಿದಲ್ಲಿ ಒಣ ಕಪ್ಪುಮಸಿಯ ಗೆರೆ ಇರುತ್ತದೆ. ಬಳಿಕ ಇಂಜಿನು ಹಾಕಿ, ಮೈಲುತುತ್ತು ಸಿಂಪಡಿಸುವ ಹಳೆಯ ಪೈಪಿನ ಒಂದು ಮೀಟರ್ ತುಂಡನ್ನು ಚೆನ್ನಾಗಿ ತೊಳೆದು, ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಜೋಡಣೆಗಳ ಹತ್ತಿರ ಆಡಿಸಿರಿ. ಡಾಕ್ಟರರ ಕೊಳವೆಯಂತೆ ಅದು ಜಾಗವನ್ನು ಹೇಳುತ್ತದೆ. ಫ್ಯಾನು, ಬೆಲ್ಟುಗಳಿಂದ ಪೈಪೂ ಲುಂಗಿಯ ತುದಿಯೂ ದೂರವಿರಲಿ. ಆಮೇಲೆ ಇನ್ನೊಬ್ಬರು ಕೈಗೆ ದಪ್ಪ ಗ್ಲೌಸು ಹಾಕಿಕೊಂಡು, ಒದ್ದೆ ಗೋಣಿಯನ್ನು ಹಿಂದಿನ ಕೊಳವೆಯ ಬಾಯಿಗೆ ನಾಲ್ಕೈದು ಸೆಕೆಂಡು ಮಾತ್ರ ಒತ್ತಿ ಹಿಡಿಯಲಿ. ಒಳಗಿನ ಒತ್ತಡ ಏರಿ, ಸೋರುವ ಜಾಗದಲ್ಲಿ ‘ಸುಯ್’ ಎಂದು ಜೋರಾಗಿ ಕೇಳುತ್ತದೆ. ಕೊಳವೆ ಇನ್ನೂ ಕಾಯದಿರುವಾಗ ಜೋಡಣೆಗೆ ಸಾಬೂನು ನೀರು ಹಚ್ಚಿದರೆ ಗುಳ್ಳೆಯೂ ಕಾಣುತ್ತದೆ.

ಎಲ್ಲ ಸದ್ದೂ ಸೋರಿಕೆಯಲ್ಲ. ಕಲ್ಲುದಾರಿಯಲ್ಲಿ ‘ಗಲಗಲ’ ಎಂದರೆ ಕಾವುತಡೆಯ ತಗಡು ಸಡಿಲವಾಗಿರಬಹುದು. ಒಂದು ಕ್ಲಾಂಪಿನಿಂದ ಮುಗಿಯುವ ಕೆಲಸ. ತಣಿದ ಸೈಲೆನ್ಸರನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದಾಗ ಒಳಗೇ ಗಲಗಲ ಎಂದರೆ ಒಳಗೋಡೆ ಕಳಚಿದೆ, ಬದಲಿಸಲೇಬೇಕು. ಹೊಂಡಕ್ಕೆ ಇಳಿದಾಗ ಅಡಿಯಲ್ಲಿ ‘ಠಕ್’ ಎಂದರೆ ಕೊಳವೆ ತೂಗುವ ರಬ್ಬರು ಹರಿದಿದೆ. ತಂತಿ ಕಟ್ಟಿ ಮನೆ ಸೇರಬಹುದು, ಆದರೆ ತಂತಿಯಲ್ಲೇ ವರ್ಷ ಕಳೆದರೆ ಅಲುಗಾಟ ತಾಳುವ ಗುಣವಿಲ್ಲದೆ ಮುಂದಿನ ಬೆಸುಗೆ ಒಡೆಯುತ್ತದೆ. ಏರಿನಲ್ಲಿ ಸೀಟಿಯಂಥ ಸದ್ದು ಬಂದರೆ ಟರ್ಬೊದ ಎರಡೂ ಬದಿ ನೋಡಬೇಕು: ಗಾಳಿಯ ಹೋಸು ಹರಿದಲ್ಲಿ ಎಣ್ಣೆಯ ಪಸೆ ಇರುತ್ತದೆ, ಹೊಗೆ ಸೋರಿದಲ್ಲಿ ಒಣ ಮಸಿ ಇರುತ್ತದೆ. ಇನ್ನೊಂದು ಮೋಸವಿದೆ. ಇಂಜೆಕ್ಟರಿನ ಬುಡದ ತಾಮ್ರದ ವಾಷರು ಹೋದರೂ ‘ಟಿಕ್ ಟಿಕ್’, ‘ಚುಫ್ ಚುಫ್’ ಎಂದೇ ಕೇಳುತ್ತದೆ. ಇಂಜೆಕ್ಟರಿನ ಸುತ್ತ ಡಾಂಬರಿನಂತಹ ಕಪ್ಪು ಕಟ್ಟಿದ್ದರೆ ಅದೇ. ಬಿಟ್ಟಷ್ಟೂ ಅದು ಗಟ್ಟಿಯಾಗಿ ಇಂಜೆಕ್ಟರನ್ನು ಕೀಳುವುದೇ ಕಷ್ಟವಾಗುತ್ತದೆ.

ಈಗ ದುರಸ್ತಿ. ಮ್ಯಾನಿಫೋಲ್ಡಿನ ತುಕ್ಕು ಹಿಡಿದ ನಟ್ಟಿಗೆ ಒಮ್ಮೆಲೇ ಸ್ಪಾನರ್ ಹಾಕಿ ಬಲ ತೋರಿಸಬಾರದು. ಒಂದು ಸ್ಟಡ್ಡು ಮುರಿದದ್ದು ಮೂರಾಗುತ್ತದೆ. ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ರಾತ್ರಿ ಕಾಯಿರಿ. ಮರುದಿನ ಮೆಲ್ಲಗೆ ಕುಟ್ಟಿ, ತುಸು ಬಿಗಿದು ತುಸು ಸಡಿಲಿಸಿ, ಹಿಂದೆ ಮುಂದೆ ಮಾಡುತ್ತ ಬಿಚ್ಚಿರಿ. ಮುರಿದ ಸ್ಟಡ್ಡಿನ ತುಂಡು ಹೊರಗೆ ಕಾಣುತ್ತಿದ್ದರೆ, ಅದರ ಮೇಲೆ ಒಂದು ನಟ್ಟನ್ನು ವೆಲ್ಡು ಮಾಡಿಸಿ ತಿರುಗಿಸುವುದು ಒಳ್ಳೆಯ ಉಪಾಯ. ವೆಲ್ಡಿಂಗಿನ ಕಾವೇ ತುಕ್ಕಿನ ಹಿಡಿತವನ್ನು ಬಿಡಿಸುತ್ತದೆ. ಮಟ್ಟಸವಾಗಿ ಮುರಿದಿದ್ದರೆ ಡ್ರಿಲ್ಲು ಹಿಡಿಯುವ ಧೈರ್ಯ ನಾವು ಮಾಡುವುದು ಬೇಡ. ಅನೇಕ ಇಂಜಿನುಗಳ ಹೆಡ್ಡು ಅಲ್ಯುಮಿನಿಯಮ್ಮಿನದು. ಮೆದು ಲೋಹದಲ್ಲಿ ಡ್ರಿಲ್ಲು ಜಾರಿದರೆ ಸಣ್ಣ ಖರ್ಚು ದೊಡ್ಡದಾಗುತ್ತದೆ. ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ನೇರಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿರಿ. ಸೊಟ್ಟಗಾಗಿದ್ದರೆ ಲೇತಿನವರಲ್ಲಿ ಮಟ್ಟ ಮಾಡಿಸದೆ ಹೊಸ ಗ್ಯಾಸ್ಕೆಟ್ಟು ಹಾಕಿ ಫಲವಿಲ್ಲ. ಹಳೆಯ ಗ್ಯಾಸ್ಕೆಟ್ಟನ್ನು ಪುನಃ ಹಾಕಲೇಬಾರದು. ನಟ್ಟುಗಳನ್ನು ನಡುವಿನಿಂದ ತುದಿಗಳ ಕಡೆಗೆ, ಎರಡು ಮೂರು ಸರದಿಯಲ್ಲಿ, ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿಯಬೇಕು.

ಹಿಂದಿನ ಕೊಳವೆಯ ಮಾತು ಬೇರೆ. ಅಲ್ಲಿಯ ಶತ್ರು ತುಕ್ಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹೊರಡುತ್ತದೆಂದರೆ ಕೆಲವರು ನಂಬಲಾರರು. ಎಣ್ಣೆಯಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ. ದೂರ ಓಡುವ ಗಾಡಿಯಲ್ಲಿ ಕೊಳವೆ ಕಾದು ಆವಿಯೆಲ್ಲ ಹೊರಟುಹೋಗುತ್ತದೆ. ಮನೆಯಿಂದ ಶಾಲೆ, ಶಾಲೆಯಿಂದ ಸೊಸೈಟಿ ಎಂದು ಎರಡೆರಡು ಕಿಲೋಮೀಟರು ಓಡುವ ನಮ್ಮಂಥವರ ಗಾಡಿಯಲ್ಲಿ ಅದು ಸೈಲೆನ್ಸರಿನ ಹೊಟ್ಟೆಯಲ್ಲಿ ನೀರಾಗಿ ನಿಂತು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ಮಳೆ, ಕಡಲ ಗಾಳಿಯ ಉಪ್ಪು, ಮುರಕಲ್ಲಿನ ಪೆಟ್ಟು. ತೂತಿನ ಸುತ್ತ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿರಿ. ತಗಡು ಪುಡಿಯಾದರೆ ಅದರ ಮೇಲೆ ವೆಲ್ಡಿಂಗು ನಿಲ್ಲದು. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ಕೊಳವೆಯ ತುಂಡನ್ನು ಜೋಡಿಸಬೇಕು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ವಯರನ್ನು ಬಿಚ್ಚಿರಿ. ಡೀಸೆಲ್ ಟ್ಯಾಂಕಿಗೂ ಅದರ ನಳಿಗೆಗೂ ಕಿಡಿ ಹಾರದಂತೆ ನೋಡಿರಿ. ಫ್ಲೆಕ್ಸಿಬಲ್ ಪೈಪು ಹರಿದರೆ ಅದರ ಜಾಗದಲ್ಲಿ ಗಟ್ಟಿ ಕೊಳವೆ ಹಾಕಿ “ಇನ್ನು ಹರಿಯುವುದಿಲ್ಲ” ಎನ್ನುವವರಿದ್ದಾರೆ. ಅದು ಹರಿಯದು, ಮ್ಯಾನಿಫೋಲ್ಡು ಸೀಳುತ್ತದೆ.

ಗಾಡಿಯಡಿಗೆ ಹೋಗುವಾಗ ಜಾಕಿಯೊಂದನ್ನೇ ನಂಬಬಾರದು. ನಮ್ಮಲ್ಲಿ ಕೈಗೆ ಸಿಗುವುದು ಕೆಂಪುಕಲ್ಲು. ಮನೆಯ ಗೋಡೆಗೆ ಅದು ಒಳ್ಳೆಯದು. ಗಾಡಿಯ ಭಾರ ಒಂದು ಮೂಲೆಗೆ ಬಿದ್ದರೆ ಅರಿವಿಲ್ಲದೆ ಒಡೆದುಹೋಗುತ್ತದೆ. ಕಬ್ಬಿಣದ ಸ್ಟ್ಯಾಂಡು ತರಿಸಿಕೊಳ್ಳಿರಿ, ಚಕ್ರಗಳಿಗೆ ಅಡ್ಡ ಕೊಡಿರಿ.

2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6ರ ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಮಸಿ ಸೋಸುವ ಡಿ.ಪಿ.ಎಫ್. ಎಂಬ ಡಬ್ಬಿಯೂ ಕೆಲವು ಸೆನ್ಸರುಗಳೂ ಹೊಗೆದಾರಿಯಲ್ಲೇ ಇವೆ. ಸೋಸಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಕಾವಿನಲ್ಲಿ ಸುಡುತ್ತದೆ. ಆದುದರಿಂದ ಒಣಗಿದ ಸೋಗೆಯ ಮೇಲೆ, ಬೈಹುಲ್ಲಿನ ಬಳಿ ಇಂತಹ ಗಾಡಿಯನ್ನು ನಿಲ್ಲಿಸಬೇಡಿರಿ. ಈ ಡಬ್ಬಿಯನ್ನು ತೆಗೆದು ಬರೀ ಕೊಳವೆ ಹಾಕಿಕೊಡುವವರ ಮಾತಿಗೆ ಕಿವಿಗೊಡಬೇಡಿರಿ. ಸದ್ದಿಗೂ ಹೊಗೆಗೂ ಇರುವ ಮಿತಿಯನ್ನು ಮೀರಿದ ಗಾಡಿಗೆ 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನಲ್ಲಿ ಶಿಕ್ಷೆಯಿದೆ.

ನಮ್ಮ ಕಾರಿಗೆ ಎರಡು ಸ್ಟಡ್ಡು, ಹೊಸ ನಟ್ಟುಗಳು, ಒಂದು ಗ್ಯಾಸ್ಕೆಟ್ಟು ಹಿಡಿದವು. ಸಾಮಾನಿನ ಕ್ರಯ ಸೈಲೆನ್ಸರಿಗೆ ಕೊಟ್ಟದ್ದರ ಕಾಲಂಶವೂ ಆಗಲಿಲ್ಲ. ಏರಿನ ಎಳೆತ ಮರಳಿತು, ಕಪ್ಪು ಹೊಗೆ ನಿಂತಿತು. ಇನ್ನೂರು ಕಿಲೋಮೀಟರು ಓಡಿಸಿದ ಬಳಿಕ ಇಂಜಿನು ಪೂರ್ತಿ ತಣಿದಿರುವಾಗ ನಟ್ಟುಗಳನ್ನೆಲ್ಲ ಒಮ್ಮೆ ನೋಡಿದೆನು. ನಡುವಿನವು ಇದ್ದಂತೆಯೇ ಇದ್ದವು. ತುದಿಯ ಒಂದು ಮಾತ್ರ ತುಸು ಸಡಿಲಾಗಿತ್ತು, ಅದನ್ನು ಪುಸ್ತಕದ ಅಳತೆಗೆ ಬಿಗಿದು ಬಾನೆಟ್ಟು ಹಾಕಿದೆನು.