ಮನೆಯ ಲೆಕ್ಕ, ಮಗಳ ಮನಸ್ಸು

ಪ್ಲಸ್ ಟೂ ಫಲಿತಾಂಶ ಬಂದ ಮೇಲೆ ಚೆನ್ನೈನ ಮನೆಮನೆಯಲ್ಲೂ ಕೇಳಿಬರುವುದು ಒಂದೇ ಮಾತು: ‘ಕಟ್ ಆಫ್ ಎಷ್ಟು?’ ತಮಿಳುನಾಡಿನಲ್ಲಿ 2007ರಿಂದ ಎಂಜಿನಿಯರಿಂಗ್‌ಗೆ ರಾಜ್ಯದ ಪ್ರವೇಶ ಪರೀಕ್ಷೆ ಇಲ್ಲ. ಗಣಿತಕ್ಕೆ 100, ಭೌತಶಾಸ್ತ್ರಕ್ಕೆ 50, ರಸಾಯನಶಾಸ್ತ್ರಕ್ಕೆ 50 ಎಂದು ಇಳಿಸಿ, ಒಟ್ಟು 200ಕ್ಕೆ ಎಷ್ಟು ಬಂತೋ ಅದರ ಮೇಲೆ ಸೀಟು. ಯಾವ ಸೀಟು ಸಿಗಬಹುದು ಎಂಬುದು ಅದರಿಂದ ತಿಳಿಯುತ್ತದೆ. ಯಾವುದನ್ನು ತೆಗೆದುಕೊಳ್ಳಬೇಕು ಎಂಬುದನ್ನು ಮನೆಯವರೇ ಕುಳಿತು ಯೋಚಿಸಬೇಕು. 2022ರಲ್ಲಿ ನಮ್ಮ ಮಗಳ ಸರದಿ ಬಂದಾಗ ಆ ಯೋಚನೆಯೇ ನಮಗೊಂದು ಪಾಠವಾಯಿತು.

ಗಂಡನ ವರ್ಗಾವಣೆಯಿಂದಾಗಿ ಉಡುಪಿ ಕಡೆಯಿಂದ ಬಂದು ಪಶ್ಚಿಮ ಮಾಂಬಲಂನಲ್ಲಿ ನೆಲೆಸಿದವರು ನಾವು. ಒಂದೇ ಸಂಬಳದ ಮನೆ. ಎಂಟರಿಂದ ಹನ್ನೆರಡನೇ ತರಗತಿವರೆಗೆ ಇಲ್ಲೇ ಓದಿದ್ದರಿಂದ ಮಗಳಿಗೆ ತಮಿಳುನಾಡಿನ ಕೌನ್ಸೆಲಿಂಗ್‌ಗೆ ಅರ್ಹತೆಯಿತ್ತು. ಆದರೆ ಮೂಲ ಬೇರೆ ರಾಜ್ಯದ್ದಾದರೆ, ಊರಿನಲ್ಲಿ ಯಾವ ಮೀಸಲಾತಿ ಇದ್ದರೂ ಇಲ್ಲಿ ಮುಕ್ತ ವರ್ಗವೇ. ಕರ್ನಾಟಕದ ದಾರಿಯನ್ನೂ ನೋಡಿದೆವು. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಆದರೆ ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ, ಊಟ, ಓಡಾಟ ಎಲ್ಲ ಸೇರಿಸಿ ನೋಡಿದಾಗ ಅದು ನಮ್ಮ ಕೈಗೆ ಎಟುಕುವಂತಿರಲಿಲ್ಲ.

ಕೊನೆಗೆ ಮೂರು ದಾರಿಗಳು ಉಳಿದವು. ಹಳೆ ಮಹಾಬಲಿಪುರಂ ರಸ್ತೆಯ ಕಡೆಯ ಖಾಸಗಿ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಕೋಟಾದಡಿ ಕಂಪ್ಯೂಟರ್ ಸೈನ್ಸ್. ಕೌನ್ಸೆಲಿಂಗ್‌ನಲ್ಲಿ ಸಿಗುವ ಅಂದಾಜಿದ್ದ ಸಿವಿಲ್ ಎಂಜಿನಿಯರಿಂಗ್. ಇಲ್ಲವೇ ಬಿಎಸ್ಸಿ ಗಣಿತ.

ಮೊದಲನೆಯದಕ್ಕೆ ಬ್ಯಾಂಕ್ ಸಾಲ ಬೇಕಿತ್ತು. ಶಿಕ್ಷಣ ಸಾಲದ ಮಾದರಿ ನಿಯಮದಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡವು ಇಡಬೇಕಿಲ್ಲ. ಓದು ಮುಗಿದು ಒಂದು ವರ್ಷದ ನಂತರ ಕಂತು ಶುರು. ಕೇಳಲು ಹಗುರ. ಆದರೆ ಬಡ್ಡಿ ಮಾತ್ರ ಹಣ ಕೈಗೆ ಬಂದ ದಿನದಿಂದಲೇ ಏರುತ್ತಿರುತ್ತದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಸಾಲ ಹೊತ್ತ ಹುಡುಗಿ ಇಪ್ಪತ್ತೆರಡರಲ್ಲಿ ಸಿಕ್ಕಿದ ಕೆಲಸಕ್ಕೆ ಸೇರಲೇಬೇಕು. ಮುಂದೆ ಓದಬೇಕೆನಿಸಿದರೂ ಕಂತು ಬಿಡುವುದಿಲ್ಲ. ಹಣದ ಭಾರ ಡಿಗ್ರಿಯ ಜೊತೆ ಮುಗಿಯದೆ, ಆಮೇಲಿನ ಆಯ್ಕೆಗಳನ್ನೂ ಕಟ್ಟಿಹಾಕುತ್ತದೆ.

ಎರಡನೆಯದು ಅಗ್ಗ. ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ ಸೀಟಿಗೆ ಶುಲ್ಕ ನಿಗದಿ ಸಮಿತಿ 2017ರಲ್ಲಿ ವರ್ಷಕ್ಕೆ 50,000 ರೂಪಾಯಿ, ಮಾನ್ಯತೆ ಪಡೆದ ಕೋರ್ಸಿಗೆ 55,000 ರೂಪಾಯಿ ಎಂದು ಗೊತ್ತುಪಡಿಸಿತ್ತು. ‘ಕಮ್ಮಿ ಫೀಸಿನ ಸೀಟು ಬಿಡ್ಬೇಡ ಮಾರಾಯ್ತಿ’ ಎಂದು ಊರಿನಿಂದ ಅಣ್ಣ ಫೋನ್ ಮಾಡಿದ. ಮಗಳಿಗೆ ಸಿವಿಲ್‌ನಲ್ಲಿ ಎಳ್ಳಷ್ಟೂ ಆಸಕ್ತಿಯಿರಲಿಲ್ಲ. ಮನಸ್ಸಿಲ್ಲದ ವಿಷಯದಲ್ಲಿ ನಾಲ್ಕು ವರ್ಷ ಕಳೆಯುವುದೂ ಒಂದು ಖರ್ಚೇ, ಅದಕ್ಕೆ ಮಾತ್ರ ಯಾರೂ ರಸೀದಿ ಕೊಡುವುದಿಲ್ಲ ಎಂದು ನಾನು ಅಣ್ಣನಿಗೆ ಹೇಳಿದೆ.

ಇಲ್ಲಿ ಡಾ. ಎಸ್. ರಾಧಾಕೃಷ್ಣನ್ ನೆನಪಾಗುತ್ತಾರೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಸೇರಿದಾಗ ಅವರ ಮನೆಯಲ್ಲಿ ಹಣಕ್ಕೆ ತಾಪತ್ರಯ. ಓದು ಮುಗಿಸಿದ್ದ ಬಂಧುವೊಬ್ಬರು ತಮ್ಮ ತತ್ವಶಾಸ್ತ್ರದ ಪುಸ್ತಕಗಳನ್ನು ಕೊಟ್ಟರು. ವಿಷಯ ಅದರಿಂದಲೇ ತೀರ್ಮಾನವಾಯಿತು ಎನ್ನುತ್ತಾರೆ. ಅವರು ಮುಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದರು, ರಾಷ್ಟ್ರಪತಿಯಾದರು. ಅಂಥವರಿಗೆ ಕೈಗೆ ಬಂದ ಪುಸ್ತಕವೇ ಒಗ್ಗಿತು. ಆದರೆ ಎಲ್ಲ ಮಕ್ಕಳ ವಿಷಯದಲ್ಲೂ ಹಾಗಾದೀತೆಂದು ನಂಬಿ ಕೂರುವ ಧೈರ್ಯ ತಾಯಿಗೆ ಬರುವುದಿಲ್ಲ.

ಆಗ ನಾವು ಮಾಡಿದ್ದು ಎರಡು ಕೆಲಸ. ಒಂದು ರಾತ್ರಿ ಊಟದ ನಂತರ ಮಗಳನ್ನು ಕೂರಿಸಿಕೊಂಡು ಮನೆಯ ಲೆಕ್ಕವನ್ನು ಬಿಚ್ಚಿಟ್ಟೆವು: ಸಂಬಳ ಇಷ್ಟು, ಬಾಡಿಗೆ ಇಷ್ಟು, ಊರಿನಲ್ಲಿರುವ ಅತ್ತೆಯ ಔಷಧಿಗೆ ಇಷ್ಟು, ನಿನ್ನ ಓದಿಗೆ ಸಾಲವಿಲ್ಲದೆ ಕೊಡಬಲ್ಲದ್ದು ಇಷ್ಟು. ಅವಳು ಅಳಲಿಲ್ಲ, ಬೇಸರಪಡಲಿಲ್ಲ. ತನ್ನ ಮನಸ್ಸನ್ನೂ ಅಷ್ಟೇ ನೇರವಾಗಿ ಹೇಳಿದಳು: ‘ಕಂಪ್ಯೂಟರ್ ಬೇಡ ಅಂತಲ್ಲ ಅಮ್ಮ. ನಂಗೆ ಅದರ ಒಳಗಿನ ಗಣಿತ ಬೇಕು.’

ಇನ್ನೊಂದು, ಕಾಲೇಜುಗಳನ್ನು ಕಣ್ಣಾರೆ ಕಂಡದ್ದು. ಚೆನ್ನೈನ ಎಷ್ಟೋ ಹಳೆಯ ಕಾಲೇಜುಗಳಲ್ಲಿ ಒಂದೇ ಆವರಣದೊಳಗೆ ಎರಡು ವಿಭಾಗಗಳಿವೆ: ಸರ್ಕಾರದ ಅನುದಾನವಿರುವ ಏಡೆಡ್, ಅನುದಾನವಿಲ್ಲದ ಸೆಲ್ಫ್ ಫೈನಾನ್ಸ್. ಪದವಿ ಅದೇ ಮದ್ರಾಸ್ ವಿಶ್ವವಿದ್ಯಾಲಯದ್ದು, ಆದರೆ ಫೀಸಿನಲ್ಲಿ ಅಜಗಜಾಂತರ. ಅರ್ಜಿ ಹಾಕುವಾಗಲೇ ಯಾವ ವಿಭಾಗ ಎಂದು ಕೇಳದಿದ್ದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

1837ರಲ್ಲಿ ಶುರುವಾಗಿ, ನೂರು ವರ್ಷದ ನಂತರ 1937ರಲ್ಲಿ ತಾಂಬರಂನ ಕಾಡಿನಂಥ ಜಾಗಕ್ಕೆ ಬಂದ ಆ ಕ್ರಿಶ್ಚಿಯನ್ ಕಾಲೇಜಿಗೆ ನಾವು ತರಗತಿಗಳು ನಡೆಯುತ್ತಿದ್ದ ದಿನವೇ ಹೋದೆವು. ಮಗಳು ಗ್ರಂಥಾಲಯ ನೋಡಿದಳು, ಸೀನಿಯರ್‌ಗಳನ್ನು ಮಾತಾಡಿಸಿದಳು. ಸಮಸ್ಯೆಯೊಂದನ್ನು ಹಿಡಿದು ನಿಧಾನವಾಗಿ ಕೂರುವ ಸ್ವಭಾವ ಅವಳದು. ಆ ಮರಗಳ ನೆರಳು, ಗದ್ದಲವಿಲ್ಲದ ಹಾದಿಗಳು ಅವಳಿಗೆ ತಕ್ಷಣ ಹಿಡಿಸಿದವು. ಮಾಂಬಲಂನಿಂದ ಒಂದೇ ಲೋಕಲ್ ರೈಲು, ತಿಂಗಳ ಸೀಸನ್ ಟಿಕೆಟ್, ಸ್ಟೇಷನ್‌ನಿಂದ ನಡಿಗೆ. ಏಡೆಡ್ ವಿಭಾಗದ ಗಣಿತದಲ್ಲಿ ಸೀಟು ಸಿಕ್ಕಿತು.

ಎರಡನೇ ವರ್ಷದಲ್ಲಿ ಎಂಜಿನಿಯರಿಂಗ್‌ಗೆ ಹೋದ ಗೆಳತಿಯರ ಕೋಡಿಂಗ್ ಮಾತು ಕೇಳಿ ಅವಳಿಗೆ ಅಳುಕು ಶುರುವಾಯಿತು. ಆಗ ಕಣ್ಣಿಗೆ ಬಿದ್ದದ್ದು ಐಐಟಿ ಮದ್ರಾಸ್ 2021ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಆನ್‌ಲೈನ್ ಪದವಿ. ಅದಕ್ಕೆ ಜೆಇಇ ಕಡ್ಡಾಯವಲ್ಲ. ತನ್ನದೇ ಅರ್ಹತಾ ಹಂತವಿದೆ, ತೆಗೆದುಕೊಂಡ ಕೋರ್ಸಿಗಷ್ಟೇ ಹಣ. ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿ 2022ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಫೀಸಿನಲ್ಲಿ ಉಳಿದ ಹಣದಿಂದ ಅವಳು ಇದಕ್ಕೂ ಸೇರಿದಳು. ಸಾಲದ ಕಾಲೇಜಿಗೆ ಸೇರಿಸಿದ್ದರೆ ಈ ಎರಡನೇ ಬಾಗಿಲು ನಮಗೆ ತೆರೆಯುತ್ತಿರಲಿಲ್ಲ.

ನಮ್ಮ ಬೀದಿಯ ಹೂ ಮಾರುವ ಹೆಂಗಸಿನ ಮಗಳು ಸರ್ಕಾರಿ ಶಾಲೆಯಲ್ಲಿ ಓದಿದವಳು. 1914ರಲ್ಲಿ ಹುಟ್ಟಿದ ಕ್ವೀನ್ ಮೇರೀಸ್ ಸರ್ಕಾರಿ ಕಾಲೇಜಿಗೆ ಸೇರಿದಳು. 2022ರಲ್ಲಿ ಬಂದ ಪುದುಮೈ ಪೆಣ್ ಯೋಜನೆಯಡಿ ತಿಂಗಳಿಗೆ 1,000 ರೂಪಾಯಿ, ಸಾಧಾರಣ ಬಸ್ಸುಗಳಲ್ಲಿ 2021ರಿಂದ ಹೆಂಗಸರಿಗಿರುವ ಉಚಿತ ಪ್ರಯಾಣ, ಎರಡೂ ಅವಳಿಗೆ ದೊರೆತವು. ಅವಳು ಕನಸು ಕಂಡಿದ್ದ ತಮಿಳು ಸಾಹಿತ್ಯವೂ ಅಲ್ಲೇ ಸಿಕ್ಕಿತು. ಅವಳಿಗೆ ಇದನ್ನೆಲ್ಲ ತಿಳಿಸಿದ್ದು ಅವಳ ಶಾಲೆಯ ಟೀಚರ್. ಹೀಗೆ ತಿಳಿಸುವವರು ಇಲ್ಲದೆ ಎಷ್ಟು ಮಕ್ಕಳು ಓದು ನಿಲ್ಲಿಸಿದ್ದಾರೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು. ಮೊದಲ ವರ್ಷದ ಫೀಸಷ್ಟನ್ನೇ ಕೇಳಬೇಡಿ; ಅಷ್ಟೂ ವರ್ಷಗಳ ಫೀಸು, ಬಸ್ಸು, ಹಾಸ್ಟೆಲ್, ಪರೀಕ್ಷಾ ಶುಲ್ಕವನ್ನು ಬರೆಸಿಕೊಳ್ಳಿ. ರಜೆಯ ದಿನ ಹೋಗಿ ಕಟ್ಟಡ ನೋಡಿ ಬರಬೇಡಿ, ಪಾಠ ನಡೆಯುವ ದಿನ ಹೋಗಿ. ಎಲ್ಲಕ್ಕಿಂತ ಮೊದಲು ಮನೆಯ ಲೆಕ್ಕವನ್ನು ಮಗುವಿನಿಂದ ಮುಚ್ಚಿಡಬೇಡಿ. ಹದಿನೇಳರ ಮಕ್ಕಳಿಗೆ ನಿಜವನ್ನು ತಡೆದುಕೊಳ್ಳುವ ಶಕ್ತಿಯಿದೆ. ಹೆತ್ತವರ ಕೈಲಾಗುವುದೆಷ್ಟು ಎಂದು ಗೊತ್ತಿರುವ ಮಗು ತನಗೆ ಬೇಕಾದದ್ದನ್ನು ಅಂಜಿಕೆಯಿಲ್ಲದೆ ಹೇಳುತ್ತದೆ, ಆರಿಸಿಕೊಂಡದ್ದನ್ನು ತನ್ನದೆಂದು ಓದುತ್ತದೆ.