ಜಗತ್ತಿನ ಚಿತ್ರಶಾಲೆಯಲ್ಲಿ ಜಪಾನ್

ಪಾಶ್ಚಾತ್ಯರ ಮುಂದೆ ತನ್ನ ಕೃತಿಗಳನ್ನಿರಿಸುವ ಪೌರ್ವಾತ್ಯ ಕಲಾವಿದನು ಒಂದು ಇಕ್ಕಟ್ಟಿಗೆ ಸಿಕ್ಕುತ್ತಾನೆ. ಸಂಪ್ರದಾಯವನ್ನು ಅನುಸರಿಸಿದರೆ, ಸೊಗಸಾಗಿದೆ, ಆದರೆ ಈ ಕಾಲದ್ದಲ್ಲ ಎನ್ನುತ್ತಾರೆ. ಹೊಸ ಹಾದಿ ಹಿಡಿದರೆ, ಇದು ನಮ್ಮ ಅನುಕರಣೆ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಕಲಾವಿದರು ಅಂತರರಾಷ್ಟ್ರೀಯ ಪ್ರದರ್ಶನಗಳಲ್ಲಿ ಕಂಡ ಏಳುಬೀಳುಗಳು ಈ ಇಕ್ಕಟ್ಟನ್ನು ಚೆನ್ನಾಗಿ ತಿಳಿಸುತ್ತವೆ. ಅವುಗಳಲ್ಲಿ ಮೂರನ್ನು ಮಾತ್ರ ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಇಂಥ ಪ್ರದರ್ಶನಗಳಲ್ಲಿ ಇಟಲಿಯ ವೆನಿಸ್ ನಗರದ್ದು ಬಹು ಹಿರಿಯದು. 1895ರಲ್ಲಿ ಆರಂಭವಾದ ಅದು ಎರಡು ವರ್ಷಗಳಿಗೊಮ್ಮೆ ನಡೆಯುವುದಾದ್ದರಿಂದ ಅದನ್ನು ಬಿಯೆನಾಲೆ ಎನ್ನುತ್ತಾರೆ. ಅಲ್ಲಿ ಹಲವು ರಾಷ್ಟ್ರಗಳಿಗೆ ಸ್ವಂತ ಮಂಟಪಗಳಿವೆ. ಜಪಾನ್ 1952ರಲ್ಲಿ ಅಧಿಕೃತವಾಗಿ ಭಾಗವಹಿಸಿತು. 1956ರಲ್ಲಿ ಅದರ ಮಂಟಪವೂ ಸಿದ್ಧವಾಯಿತು. ಅದೇ ವರ್ಷ ಮುನಕಾತ ಶಿಕೊ ಎಂಬಾತನಿಗೆ ಮುದ್ರಣಚಿತ್ರದ ಮಹಾಬಹುಮಾನ ದೊರೆಯಿತು. ಮರದ ಹಲಗೆಯನ್ನು ಕೆತ್ತಿ, ಮಸಿ ಬಳಿದು, ಕಾಗದದ ಮೇಲೆ ಅಚ್ಚೊತ್ತುವುದು ಅವನ ಕಲೆ. ಅವನಿಗೆ ದೃಷ್ಟಿ ಬಹಳ ಮಂದ. ಮುಖವನ್ನು ಹಲಗೆಗೆ ತಾಗುವಷ್ಟು ಬಾಗಿಸಿ ಕೆತ್ತುತ್ತಿದ್ದನಂತೆ. ಬುದ್ಧನ ಹತ್ತು ಮಂದಿ ಪ್ರಮುಖ ಶಿಷ್ಯರ ಚಿತ್ರಮಾಲೆ ಅವನ ಪ್ರಸಿದ್ಧ ಕೃತಿ. ನಮ್ಮ ನಾಡಿನ ಶಾರಿಪುತ್ರ, ಆನಂದರು ಹೀಗೆ ಜಪಾನೀ ಹಲಗೆಯೇರಿ ಯೂರೋಪನ್ನು ಕಂಡರು.

ಮುನಕಾತನ ಕೃತಿ ಜಪಾನಿನದೆಂದು ನೋಡಿದೊಡನೆ ತಿಳಿಯುತ್ತಿತ್ತು. ಹೊಸಬರ ಪಾಡು ಬೇರೆಯಾಯಿತು. ಯೋಶಿಹಾರ ಜಿರೊ ಎಂಬ ಚಿತ್ರಕಾರನು 1954ರಲ್ಲಿ ಅಶಿಯ ಎಂಬ ಊರಿನಲ್ಲಿ ಗುತಾಯ್ ಎಂಬ ಸಂಘವನ್ನು ಕಟ್ಟಿದನು. ಯಾರನ್ನೂ ಅನುಕರಿಸಬಾರದು, ಹಿಂದೆ ಯಾರೂ ಮಾಡದುದನ್ನೇ ಮಾಡಬೇಕು ಎಂಬುದು ಶಿಷ್ಯರಿಗೆ ಅವನ ಕಟ್ಟಪ್ಪಣೆ. 1955ರಲ್ಲಿ ಟೋಕಿಯೋದಲ್ಲಿ ನಡೆದ ಸಂಘದ ಪ್ರದರ್ಶನದಲ್ಲಿ ಶಿರಾಗ ಕಜುವೊ ಕೆಸರಿನ ರಾಶಿಯಲ್ಲಿ ಹೊರಳಾಡಿ ಅದನ್ನೇ ಕೃತಿಯೆಂದನು. ಮುರಕಾಮಿ ಸಬುರೊ ಚೌಕಟ್ಟಿಗೆ ಬಿಗಿದ ಕಾಗದವನ್ನು ಮೈಯಿಂದ ಹರಿದು ಆಚೆಗೆ ನುಗ್ಗಿದನು. ಮರುವರ್ಷ ತನಾಕ ಅತ್ಸುಕೊ ಎಂಬಾಕೆ ಬಣ್ಣದ ವಿದ್ಯುದ್ದೀಪಗಳಿಂದಲೇ ಮಾಡಿದ ಉಡುಪನ್ನು ತೊಟ್ಟು ನಿಂತಳು. ಶಿರಾಗನು ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಕಾಲಿನಿಂದಲೂ ಚಿತ್ರ ಬರೆಯುತ್ತಿದ್ದನು.

1958ರಲ್ಲಿ ಈ ಸಂಘದ ಕೃತಿಗಳು ನ್ಯೂಯಾರ್ಕಿನ ಮಾರ್ಥಾ ಜಾಕ್ಸನ್ ಚಿತ್ರಶಾಲೆಗೆ ಹೋದವು. ಆದರೆ ಕೆಸರನ್ನೂ ಹರಿದ ಕಾಗದವನ್ನೂ ಕಳುಹಿಸುವುದೆಂತು? ಹೋದವುಗಳಲ್ಲಿ ಹೆಚ್ಚಿನವು ಗೋಡೆಗೆ ತೂಗುಹಾಕಬಹುದಾದ ವರ್ಣಚಿತ್ರಗಳು. ಕ್ರಿಯೆ ಜಪಾನಿನಲ್ಲೇ ಉಳಿಯಿತು, ಅದರ ಗುರುತು ಮಾತ್ರ ಹಡಗೇರಿತು. ಗುರುತನ್ನಷ್ಟೇ ಕಂಡ ವಿಮರ್ಶಕರು ಇದು ಅಮೆರಿಕದ ಪೊಲಾಕನ ಅನುಕರಣೆ ಎಂದುಬಿಟ್ಟರು. ಪೊಲಾಕನ ಬಗ್ಗೆ ಯೋಶಿಹಾರನಿಗೆ ಗೌರವವಿದ್ದುದು ನಿಜ. ಆದರೆ 1956ರಲ್ಲಿ ಪೊಲಾಕನು ತೀರಿಕೊಂಡ ಮೇಲೆ ಅವನ ಪುಸ್ತಕಗಳ ನಡುವೆ ಗುತಾಯ್ ಸಂಘದ ಪತ್ರಿಕೆಯ ಸಂಚಿಕೆಗಳು ದೊರೆತುವೆಂಬುದೂ ಅಷ್ಟೇ ನಿಜ. ಯೋಶಿಹಾರನ ಮರಣದೊಡನೆ 1972ರಲ್ಲಿ ಸಂಘ ಮುಗಿಯಿತು. 2013ರಲ್ಲಿ ಅದೇ ನ್ಯೂಯಾರ್ಕಿನ ಗುಗೆನ್‌ಹೈಮ್ ವಸ್ತುಸಂಗ್ರಹಾಲಯವು ಗುತಾಯ್ ಕಲೆಗೇ ಮೀಸಲಾದ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿ, ಹಿಂದೆ ಅನುಕರಣೆ ಎನಿಸಿಕೊಂಡವರನ್ನು ಹೊಸ ಹಾದಿ ತೆರೆದವರೆಂದು ಮನ್ನಿಸಿತು.

ಕುಸಾಮ ಯಾಯೊಯಿಯ ಕಥೆಯೂ ಇಂಥದೇ. 1966ರ ವೆನಿಸ್ ಪ್ರದರ್ಶನಕ್ಕೆ ಆಕೆಗೆ ಅಧಿಕೃತ ಆಹ್ವಾನವಿರಲಿಲ್ಲ. ಬಯಲಿನಲ್ಲಿ 1,500 ಕನ್ನಡಿಯಂಥ ಗೋಳಗಳನ್ನು ಹರಡಿ, ಒಂದೊಂದನ್ನು ಎರಡು ಡಾಲರಿಗೆ ಮಾರತೊಡಗಿದಳು. ಅಧಿಕಾರಿಗಳು ಮಾರಾಟವನ್ನು ತಡೆದರು. ಇಪ್ಪತ್ತೇಳು ವರ್ಷಗಳ ತರುವಾಯ, 1993ರಲ್ಲಿ, ಜಪಾನಿನ ಮಂಟಪದಲ್ಲಿ ಆಕೆಯೊಬ್ಬಳದೇ ಪ್ರದರ್ಶನ ನಡೆಯಿತು!

ಈ ಸಂಗತಿಗಳಿಂದ ನಾವು ಗ್ರಹಿಸಬೇಕಾದುದೇನು? ಕಾಲಿನಿಂದ ಬರೆದ ಚಿತ್ರ 1958ರಲ್ಲಿ ಹೇಗಿತ್ತೋ 2013ರಲ್ಲಿಯೂ ಹಾಗೆಯೇ ಇತ್ತು. ಬದಲಾದುದು ನೋಡುವವರ ತಿಳಿವಳಿಕೆ. ಕೃತಿ ಯಾವುದನ್ನು ಹೋಲುತ್ತದೆ ಎಂದು ಮೊದಲು ಕೇಳುವವನು ಹೋಲಿಕೆಯನ್ನಷ್ಟೇ ಕಾಣುತ್ತಾನೆ. ಅದು ಹೇಗೆ ಹುಟ್ಟಿತು, ಯಾವ ಹಟದಿಂದ ಹುಟ್ಟಿತು ಎಂದು ಕೇಳುವವನಿಗೆ ಕೃತಿಯೇ ಕಾಣುತ್ತದೆ. ನಮ್ಮ ನಡುವಿನ ಹೊಸ ಕವಿತೆಗಳನ್ನೂ ಚಿತ್ರಗಳನ್ನೂ ಅನುಕರಣೆಯೆಂದು ತಳ್ಳಿಹಾಕುವ ಮುನ್ನ ವಿದ್ಯಾರ್ಥಿಗಳಾದ ನಾವು ಈ ಎರಡನೆಯ ಪ್ರಶ್ನೆಯನ್ನು ಕೇಳುವುದು ಲೇಸೆಂದು ನನಗೆ ತೋರುತ್ತದೆ.