ಕ್ವಾಂಟಂ ಚುಕ್ಕೆ: ಒಂದು ಕಣ, ಎರಡು ಗುರುತು

ಥಾಣೆಯಲ್ಲಿ ಗಾಡಿ ಬದಲಿಸಿ ಪನವೇಲಿನ ಕಡೆಗೆ ಹೊರಟರೆ ದಾರಿಯಲ್ಲಿ ನವಿಮುಂಬಯಿಯ ಖಾರ್‌ಘರ್ ಸಿಗುತ್ತದೆ. ಕ್ಯಾನ್ಸರ್ ರೋಗದ ಚಿಕಿತ್ಸೆ, ಸಂಶೋಧನೆ ಮತ್ತು ಶಿಕ್ಷಣಗಳಿಗಾಗಿ ಟಾಟಾ ಸ್ಮಾರಕ ಕೇಂದ್ರವು ನಡೆಸುವ 'ಆ್ಯಕ್ಟ್ರೆಕ್' ಎಂಬ ಸಂಸ್ಥೆ ಅಲ್ಲಿರುವುದು. ಅಲ್ಲಿಗೂ ಪರೇಲಿನ ಟಾಟಾ ಆಸ್ಪತ್ರೆಗೂ ಊರಿನಿಂದ ರೋಗಿಗಳನ್ನು ಕರೆತರುವ ಬಂಧುಗಳು ಕಲ್ಯಾಣ್, ಡೊಂಬಿವಲಿಗಳಲ್ಲಿರುವ ನಮ್ಮವರ ಮನೆಗಳಲ್ಲಿ ಇಳಿದುಕೊಳ್ಳುವುದುಂಟು. ಶಸ್ತ್ರಚಿಕಿತ್ಸೆ ಮುಗಿದೊಡನೆ ಅವರ ಬಾಯಿಂದ ಹೊರಡುವ ಮೊದಲ ಪ್ರಶ್ನೆ, "ಗಡ್ಡೆಯನ್ನು ಪೂರ್ತಿ ತೆಗೆದರೇ?" ಎಂಬುದು. ಈ ಪ್ರಶ್ನೆಗೆ ಖಚಿತವಾದ ಉತ್ತರ ಕೊಡುವುದು ಏಕೆ ಕಷ್ಟ, ಅದಕ್ಕಾಗಿ ವಿಜ್ಞಾನಿಗಳು ಹುಡುಕುತ್ತಿರುವ ಉಪಾಯವೇನು ಎಂಬುದನ್ನು ನಾವಿಲ್ಲಿ ವಿಚಾರಿಸೋಣ.

ದೇಹವನ್ನು ಕೊಯ್ಯದೆ ಒಳಗನ್ನು ನೋಡುವ ಸಾಧನಗಳಲ್ಲಿ ಕಾಂತೀಯ ಅನುರಣನ ಚಿತ್ರಣ, ಎಂದರೆ ಎಂ.ಆರ್.ಐ., ಬಹು ಮುಖ್ಯವಾದುದು. ನಮ್ಮ ದೇಹದ ತೂಕದಲ್ಲಿ ಸುಮಾರು ನೂರಕ್ಕೆ 60 ಪಾಲು ನೀರು. ನೀರಿನಲ್ಲಿರುವ ಜಲಜನಕ ಪರಮಾಣುವಿನ ಪ್ರೋಟಾನು ಪುಟ್ಟ ಕಾಂತದಂತೆ ವರ್ತಿಸುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರವು ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು ಪ್ರಬಲ. ಅದರ ನಡುವೆ ಪ್ರೋಟಾನುಗಳು ಒಟ್ಟಿನಲ್ಲಿ ಒಂದು ದಿಕ್ಕಿಗೆ ತುಸು ಒಲಿದು ನಿಲ್ಲುತ್ತವೆ. ರೇಡಿಯೋ ಅಲೆಗಳಿಂದ ಅವನ್ನು ಕದಲಿಸಿ ಬಿಟ್ಟರೆ, ಮೊದಲಿನ ಸ್ಥಿತಿಗೆ ಮರಳುವಾಗ ತಾವೇ ಸಂಕೇತಗಳನ್ನು ಹೊರಡಿಸುತ್ತವೆ. ಈ ಸಂಕೇತಗಳಿಂದ ಚಿತ್ರವನ್ನು ರಚಿಸುವ ಮಾರ್ಗ ತೋರಿದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗಡೋಲಿನಿಯಂ ಎಂಬ ಲೋಹದ ಅಯಾನು ಸಮೀಪದಲ್ಲಿದ್ದರೆ ಪ್ರೋಟಾನುಗಳು ಬೇಗನೆ ಮರಳುತ್ತವೆ; ಆದುದರಿಂದ ಚಿತ್ರದಲ್ಲಿ ಆ ಭಾಗ ಬೆಳ್ಳಗೆ ಎದ್ದು ಕಾಣುತ್ತದೆ.

ಈ ಚಿತ್ರಣ ಎಷ್ಟು ಆಳಕ್ಕಾದರೂ ಹೋಗಬಲ್ಲದು. ಆದರೆ ಬೆರಳೆಣಿಕೆಯ ಕೆಲವೇ ರೋಗಕೋಶಗಳು ಅದಕ್ಕೆ ಕಾಣಿಸವು. ಮೇಲಾಗಿ ದೇಹವನ್ನು ತೆರೆದಾಗ ಅಂಗಗಳು ತುಸು ಸರಿದುಬಿಡುತ್ತವೆ; ಮೊದಲೇ ತೆಗೆದ ಚಿತ್ರದ ಗೆರೆ ವೈದ್ಯನ ಕಣ್ಣಮುಂದಿನ ಮಾಂಸದ ಮೇಲೆ ಮೂಡಿರುವುದಿಲ್ಲ.

ಹಾಗಾದರೆ ರೋಗಕೋಶಗಳನ್ನೇ ಬೆಳಗುವಂತೆ ಮಾಡಬಾರದೇಕೆ? ಒಂದು ಬಣ್ಣದ ಬೆಳಕನ್ನು ಹೀರಿ ಮತ್ತೊಂದು ಬಣ್ಣದ ಬೆಳಕನ್ನು ಸೂಸುವ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಅದು ಬಹು ಸೂಕ್ಷ್ಮವಾದ ಗುರುತು. ಆದರೆ ಅದಕ್ಕೂ ಒಂದು ಕೊರತೆಯುಂಟು. ಕತ್ತಲೆಯ ಕೋಣೆಯಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದು ನೋಡಿರಿ. ಬೆರಳುಗಳು ಕೆಂಪಗೆ ಹೊಳೆಯುತ್ತವೆ, ಒಳಗಿನ ಮೂಳೆ ಸ್ಪಷ್ಟವಾಗಿ ಕಾಣಿಸುವುದಿಲ್ಲ. ಮಾಂಸದೊಳಗೆ ಬೆಳಕು ಚದುರಿ, ಹೀರಿ ಹೋಗುತ್ತದೆ. ಹೆಚ್ಚು ಆಳದಿಂದ ಅದು ಸುದ್ದಿ ತರಲಾರದು.

ಇನ್ನು ಕ್ವಾಂಟಂ ಚುಕ್ಕೆಯ ವಿಚಾರ. ಇದು 2ರಿಂದ 10 ನ್ಯಾನೊಮೀಟರ್ ಗಾತ್ರದ ಅರೆವಾಹಕ ಹರಳು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಕರುವಿನ ಕೊರಳ ಪುಟ್ಟ ಗಂಟೆಯೂ ದೇವಾಲಯದ ದೊಡ್ಡ ಗಂಟೆಯೂ ಒಂದೇ ಕಂಚಿನವಾದರೂ ಅವುಗಳ ನಾದ ಬೇರೆ ಬೇರೆಯಷ್ಟೆ? ಹಾಗೆಯೇ ಒಂದೇ ಕ್ಯಾಡ್ಮಿಯಂ ಸೆಲೆನೈಡಿನ ಸುಮಾರು 2 ನ್ಯಾನೊಮೀಟರಿನ ಚುಕ್ಕೆ ನೀಲಿಯಾಗಿಯೂ 6 ನ್ಯಾನೊಮೀಟರಿನ ಚುಕ್ಕೆ ಕೆಂಪಾಗಿಯೂ ಬೆಳಗುತ್ತದೆ. ಇಕ್ಕಟ್ಟಾದ ಸ್ಥಳದಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನಿನ ಶಕ್ತಿ ಹೆಚ್ಚಾಗುವುದೇ ಇದಕ್ಕೆ ಕಾರಣ. ಸಾಮಾನ್ಯ ಪ್ರತಿದೀಪ್ತ ಬಣ್ಣಗಳಂತೆ ಇದು ಬೇಗನೆ ಮಾಸುವುದಿಲ್ಲ. ಇದರ ಶೋಧನೆ ಮತ್ತು ತಯಾರಿಕೆಗಾಗಿ ಬಾವೆಂಡಿ, ಬ್ರೂಸ್, ಎಕಿಮೋವ್ ಎಂಬ ಮೂವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ನಮ್ಮ ಹಿರಿಯರು ಅಂಧಪಂಗುನ್ಯಾಯವೆಂಬುದನ್ನು ಹೇಳುತ್ತಿದ್ದರು. ನಡೆಯಬಲ್ಲ ಕುರುಡನ ಹೆಗಲನ್ನು ಕಾಣಬಲ್ಲ ಕುಂಟನು ಏರಿದರೆ ಇಬ್ಬರೂ ಊರು ಸೇರುತ್ತಾರೆ. ಇಲ್ಲಿಯೂ ಅದೇ ಯುಕ್ತಿ. 2006ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು ಕ್ವಾಂಟಂ ಚುಕ್ಕೆಗೆ ಕೊಬ್ಬಿನಂಥ ಅಣುಗಳ ಹೊದಿಕೆಯನ್ನು ತೊಡಿಸಿ, ಅದರಲ್ಲಿ ಗಡೋಲಿನಿಯಂ ಅನ್ನು ಸೇರಿಸಿದರು. ಗಡ್ಡೆಗೆ ರಕ್ತವೊದಗಿಸಲು ಹೊಸದಾಗಿ ಹುಟ್ಟುವ ನಾಳಗಳನ್ನು ಗುರುತಿಸಿ ಅಂಟಿಕೊಳ್ಳುವ ಪುಟ್ಟ ಅಣುವನ್ನೂ ಅದಕ್ಕೆ ಕೂಡಿಸಿದರು. ಪ್ರಯೋಗಶಾಲೆಯಲ್ಲಿ ಬೆಳೆಸಿದ ನಾಳಕೋಶಗಳು ಈ ಕಣಗಳನ್ನು ಹಿಡಿದಾಗ ಕಾಂತಯಂತ್ರಕ್ಕೂ ಕಂಡವು, ಸೂಕ್ಷ್ಮದರ್ಶಕಕ್ಕೂ ಕಂಡವು. ಚುಕ್ಕೆಯ ಒಡಲೊಳಗೇ ಮ್ಯಾಂಗನೀಸ್ ಬೆರೆಸಿ ಕಾಂತಗುಣವನ್ನು ತರುವ ಇನ್ನೊಂದು ಮಾರ್ಗವೂ ಉಂಟು. ಹೀಗೆ ಶಸ್ತ್ರಚಿಕಿತ್ಸೆಗೆ ಮೊದಲು ಕಾಂತಚಿತ್ರವು ಗಡ್ಡೆಯ ಠಾವನ್ನು ತೋರಿಸಬೇಕು. ಕೊಯ್ದ ಮೇಲೆ ಅದೇ ಕಣದ ಬೆಳಕು ಅಂಚಿನಲ್ಲಿ ಉಳಿದ ರೋಗಕೋಶಗಳನ್ನು ತೋರಿಸಬೇಕು. ಇದೇ ವಿಜ್ಞಾನಿಗಳ ಹಂಬಲ.

ಆದರೆ ದೀಪ ಹಚ್ಚುವ ಅವಸರದಲ್ಲಿ ಮನೆಗೆ ಕಿಚ್ಚು ತಗುಲಬಾರದು. ಕ್ಯಾಡ್ಮಿಯಂ ವಿಷವಸ್ತು, ಅದು ಮೂತ್ರಪಿಂಡಗಳಲ್ಲಿ ಸೇರಿ ಬಹುಕಾಲ ಉಳಿಯುತ್ತದೆ. ಹೊದಿಕೆ ಸವೆದರೆ ಚುಕ್ಕೆಯಿಂದ ಕ್ಯಾಡ್ಮಿಯಂ ಸೋರಿ ಕೋಶಗಳನ್ನು ಕೊಲ್ಲಬಲ್ಲದೆಂದು 2004ರಲ್ಲಿಯೇ ಪ್ರಯೋಗಗಳು ತೋರಿಸಿದವು. ಬಿಡಿಯಾದ ಗಡೋಲಿನಿಯಂ ಸಹ ವಿಷವೇ. ಅದನ್ನು ಬೇರೆ ಅಣುಗಳ ಬಿಗಿಹಿಡಿತದಲ್ಲಿಟ್ಟೇ ಬಳಸಬೇಕು. ಆದುದರಿಂದ ಈ ಜೋಡಿ ಕಣ ಇನ್ನೂ ಪ್ರಯೋಗಶಾಲೆಯ ವಸ್ತುವಾಗಿಯೇ ಇದೆ, ಆಸ್ಪತ್ರೆಯ ನಿತ್ಯದ ಬಳಕೆಗೆ ಬಂದಿಲ್ಲ. ಕ್ಯಾಡ್ಮಿಯಂ ಇಲ್ಲದ ಇಂಡಿಯಂ ಫಾಸ್ಫೈಡ್ ಹಾಗೂ ಇಂಗಾಲದ ಚುಕ್ಕೆಗಳ ಮೇಲೆ ಈಗ ಶೋಧನೆ ಸಾಗಿದೆ.

ವಿದ್ಯಾರ್ಥಿಗಳೇ, ಪಾಠದ ಸಾರವನ್ನು ನೆನಪಿಡಿರಿ. ಕೋಶದಲ್ಲಿ ಸಿದ್ಧಿಸಿದುದು ಇಲಿಯಲ್ಲಿ ಸಿದ್ಧಿಸಬೇಕು. ಇಲಿಯಲ್ಲಿ ಸಿದ್ಧಿಸಿದುದು ಮನುಷ್ಯನಿಗೆ ಹಿತವೆಂದು ತೋರಬೇಕು. ಪತ್ರಿಕೆಯಲ್ಲಿ ಇಂಥ ಸುದ್ದಿಯನ್ನೋದಿದಾಗ, ಪ್ರಯೋಗ ನಡೆದುದು ಯಾವುದರ ಮೇಲೆ ಎಂದು ಮೊದಲು ಕೇಳಿರಿ. ಮನೆಗೆ ಬಂದ ಬಂಧುಗಳಿಗೆ ಇಲ್ಲದ ಭರವಸೆಯನ್ನು ಕೊಡಬೇಡಿರಿ. ಇರುವ ಭರವಸೆಯನ್ನು ಮರೆಮಾಡಲೂ ಬೇಡಿರಿ. "ಪೂರ್ತಿ ತೆಗೆದರೇ?" ಎಂಬ ಅವರ ಪ್ರಶ್ನೆಗೆ ಸಂದೇಹವಿಲ್ಲದ ಉತ್ತರ ಹೇಳಬಲ್ಲ ಕಾಲವನ್ನು ತರುವ ದುಡಿಮೆಯಲ್ಲಿ ನಿಮ್ಮಲ್ಲಿ ಒಬ್ಬರಾದರೂ ಕೈಜೋಡಿಸಿದರೆ, ಈ ಪಾಠ ಹೇಳಿದ ನಮ್ಮ ಶ್ರಮ ಸಾರ್ಥಕವಾದಂತೆ.